ಎಕ್ಸ್‌ರೇ ಸಾಕಾ, ಸಿಟಿ ಸ್ಕ್ಯಾನ್ ಬೇಕಾ? ಶ್ವಾಸಕೋಶದ ಕ್ಯಾನ್ಸರ್ ಬೇಗ ಪತ್ತೆಯಾಗಲು ಯಾರಿಗೆ ಯಾವ ಪರೀಕ್ಷೆ

ನಮ್ಮ ದೊಡ್ಡಪ್ಪನ ಎದೆಯ ಎಕ್ಸ್‌ರೇ ತೆಗೆದದ್ದು ನಾನೇ. ಆಗ ನಾನು ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಗದ್ದ ಎತ್ತಿಸಿ ಸ್ಟ್ಯಾಂಡಿನ ಮೇಲೆ ಇಡಿಸಿದೆ, ಕೈ ಸೊಂಟಕ್ಕೆ ಕೊಡಿಸಿದೆ, ಎರಡೂ ಭುಜ ಮುಂದಕ್ಕೆ ತನ್ನಿ ಅಂದೆ. ಬಲಭುಜ ತರುವಾಗ ಹಲ್ಲು ಕಚ್ಚಿದರು. "ಮೂರು ತಿಂಗಳಾತು ಮಾರಾಯ, ಭುಜ ಹಿಡ್ಕಂಡಿದೆ. ರಾತ್ರಿ ಮಲಗಕ್ಕೆ ಬಿಡದಿಲ್ಲ" ಅಂದರು. ಫಿಲ್ಮು ಬಂತು, ವರದಿ ಬಂತು: ನಾರ್ಮಲ್. ಮನೆಯವರಿಗೆಲ್ಲ ಜೀವ ಬಂದ ಹಾಗಾಯಿತು. ದೊಡ್ಡಮ್ಮ ಭುಜಕ್ಕೆ ಎಣ್ಣೆ ನೀವುವುದನ್ನು ಮುಂದುವರಿಸಿದರು.

ಐದು ತಿಂಗಳ ಮೇಲೆ ಅವರ ಬಲಗಣ್ಣಿನ ರೆಪ್ಪೆ ಜೋತುಬಿತ್ತು. ಕಿರುಬೆರಳು ಜೋಮು ಹಿಡಿಯುತ್ತಿತ್ತು. ಸಿಟಿ ಮಾಡಿಸಿದರೆ ಬಲ ಶ್ವಾಸಕೋಶದ ತೀರಾ ಮೇಲ್ತುದಿಯಲ್ಲಿ, ಕೊರಳೆಲುಬಿನ (ಕಾಲರ್ ಬೋನ್) ಹಿಂದೆ ಗಡ್ಡೆ. ಅಷ್ಟರಲ್ಲಿ ಅದು ಪಕ್ಕೆಲುಬಿಗೂ ನರಗಳಿಗೂ ಹತ್ತಿತ್ತು. ಆ ದಿನ ಹಳೆಯ ಫಿಲ್ಮನ್ನು ಮತ್ತೆ ಲೈಟ್ ಬಾಕ್ಸಿಗೆ ಸಿಕ್ಕಿಸಿ ನೋಡಿದೆ. ಎಡತುದಿಗಿಂತ ಬಲತುದಿ ಒಂಚೂರು ಬಿಳಿಯಾಗಿತ್ತು. ಗೊತ್ತಿದ್ದವರಿಗೆ ಕಾಣುವಷ್ಟು, ಗೊತ್ತಿಲ್ಲದವರಿಗೆ ಜಾರಿಹೋಗುವಷ್ಟು.

ಈಗ ನಾನು ಸಿಟಿ ವಿಭಾಗದಲ್ಲಿದ್ದೇನೆ. ನೆಂಟರು, ಊರಿನವರು, ರೋಗಿಗಳ ಕಡೆಯವರು ಕೇಳುವುದು ಒಂದೇ: "ಯಾವ ಟೆಸ್ಟ್ ಒಳ್ಳೇದು?" ನಾನು ಡಾಕ್ಟರಲ್ಲ, ಔಷಧ ಹೇಳುವುದಿಲ್ಲ. ಆದರೆ ಯಾವ ಯಂತ್ರಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ದಿನವೂ ನೋಡುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಡಾಕ್ಟರ ಎದುರು ಕೂತಾಗ ಸರಿಯಾದ ಪ್ರಶ್ನೆ ಕೇಳಲು ನಿಮಗೆ ಅನುಕೂಲವಾಗಲಿ ಎಂದು.

ಮೊದಲು, ನೀವು ಯಾವ ಸಾಲಿನವರು?

ಟೆಸ್ಟು ಆರಿಸುವ ಮುಂಚೆ ಇದು ಇತ್ಯರ್ಥವಾಗಬೇಕು. ತೊಂದರೆ ಇರುವವರ ದಾರಿ ಬೇರೆ, ತೊಂದರೆ ಇಲ್ಲದೆ "ಒಂದ್ಸಲ ನೋಡಿಸಿಕೊಳ್ಳೋಣ" ಅನ್ನುವವರ ದಾರಿ ಬೇರೆ. ಇವೆರಡನ್ನು ಕಲಸಿಕೊಂಡು ದುಡ್ಡು ಕಳೆದುಕೊಂಡವರನ್ನೂ ಸಮಯ ಕಳೆದುಕೊಂಡವರನ್ನೂ ನಾನು ಬಹಳ ನೋಡಿದ್ದೇನೆ.

ಶ್ವಾಸಕೋಶದ ಒಳಗೆ ನೋವು ತಿಳಿಸುವ ನರಗಳಿಲ್ಲ. ಅದರ ಹೊರಗಿನ ಪೊರೆಗೋ ಪಕ್ಕೆಲುಬಿಗೋ ತಾಗುವವರೆಗೆ ಗಡ್ಡೆ ಒಂದು ಮಾತೂ ಆಡದೆ ಬೆಳೆಯಬಹುದು. ಹಾಗಾಗಿ ಬರುವ ಸೂಚನೆಗಳೆಲ್ಲ ಸಣ್ಣವು, ಬೇರೆ ಯಾವುದೋ ಕಾಯಿಲೆಯಂತೆ ತೋರುವಂಥವು. ಮೂರು ವಾರವಾದರೂ ಹೋಗದ ಕೆಮ್ಮು. ವರ್ಷಗಳಿಂದ ಇರುವ ಕೆಮ್ಮಿನ ಸದ್ದೇ ಬದಲಾಗುವುದು. ಕಫದಲ್ಲಿ ರಕ್ತದ ಎಳೆ, ಒಂದೇ ಸಲ ಕಂಡರೂ ಸರಿ. ಗಂಟಲು ನೋವಿಲ್ಲದೆ ವಾರಗಟ್ಟಲೆ ಒಡೆದಿರುವ ದನಿ. ಎದೆಯ ಅದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ. ಮಾಲೀಷಿಗೂ ಮಾತ್ರೆಗೂ ಬಗ್ಗದ ಭುಜದ ನೋವು, ಅದರಲ್ಲೂ ತೋಳಿನ ಒಳಬದಿಯಿಂದ ಕಿರುಬೆರಳಿಗೆ ಇಳಿಯುವಂಥದ್ದು. ಪ್ಯಾಂಟು ಸಡಿಲವಾಗುತ್ತಿದೆ, ಊಟ ಸೇರುತ್ತಿಲ್ಲ. ಬೆರಳ ತುದಿಗಳು ಊದಿ ಉಗುರು ಗಿಣಿಯ ಕೊಕ್ಕಿನಂತೆ ಬಾಗುವುದು.

ಇವುಗಳಲ್ಲಿ ಒಂದಿದ್ದರೂ ನೀವು ತೊಂದರೆ ಇರುವವರ ಸಾಲಿನವರು. ಹೀಗಿರುವ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ, ಅದು ನಿಜ. ಆದರೆ "ಬೀಡಿ ಸೇದೋರಿಗೆ ಕೆಮ್ಮು ಇದ್ದದ್ದೇ" ಎಂದು ಮನೆಯವರು ಹೇಳುವ ಒಂದು ಮಾತಿನಲ್ಲಿ ಎಷ್ಟು ತಿಂಗಳು ಕಳೆದುಹೋಗುತ್ತವೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸೇದದವರೂ ಒಂದು ಮಾತು ಕೇಳಿ. "ನಮ್ಮಮ್ಮ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ" ಎಂದು ಸಿಟಿ ರೂಮಿನ ಹೊರಗೆ ಅಳುವ ಮಕ್ಕಳು ಪ್ರತಿ ತಿಂಗಳೂ ಸಿಗುತ್ತಾರೆ. ಭಾರತದಲ್ಲಿ, ಹೆಂಗಸರಲ್ಲಿ ವಿಶೇಷವಾಗಿ, ತಂಬಾಕು ಮುಟ್ಟದವರಿಗೂ ಈ ಕಾಯಿಲೆ ಬರುವ ಪ್ರಮಾಣ ಸಣ್ಣದಲ್ಲ. ಮನೆಯವರು ಸೇದಿ ಬಿಟ್ಟ ಹೊಗೆ, ದಶಕಗಟ್ಟಲೆ ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದ ಬದುಕು, ಪೇಟೆಯ ಹೊಗೆ, ನೆಲದಿಂದ ಬರುವ ರೇಡಾನ್ ಅನಿಲ, ಆಸ್ಬೆಸ್ಟಾಸ್ ಧೂಳು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೊರಗಿನ ಗಾಳಿಯ ಮಾಲಿನ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ತೊಂದರೆ ಇದ್ದರೆ: ಎಕ್ಸ್‌ರೇಯೋ, ಸಿಟಿಯೋ

ಎಕ್ಸ್‌ರೇಯಿಂದಲೇ ಶುರುಮಾಡಿ. ಕೆಲವು ನೂರು ರೂಪಾಯಿಯಲ್ಲಿ ಆಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೂ ಕಡಿಮೆ. ಅರ್ಧ ನಿಮಿಷದ ಕೆಲಸ. ವಿಕಿರಣ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಭೂಮಿಯ ಮೇಲೆ ಸುಮ್ಮನೆ ಬದುಕಿರುವುದಕ್ಕೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನಮ್ಮ ಮೈಗೆ ತಾಗುತ್ತದೆ, ಅದರ ಮುಂದೆ ಇದು ಏನೂ ಅಲ್ಲ. ದೊಡ್ಡ ಗಡ್ಡೆ, ಶ್ವಾಸಕೋಶದ ಸುತ್ತ ತುಂಬಿದ ನೀರು, ನ್ಯುಮೋನಿಯಾ, ಕ್ಷಯದ ಗಾಯ ಇವೆಲ್ಲ ಅದರಲ್ಲಿ ಕಾಣುತ್ತವೆ.

ಆದರೆ ಎಕ್ಸ್‌ರೇ ಎಂದರೆ ಎದೆಯ ಗೂಡಿನಲ್ಲಿ ಇರುವುದೆಲ್ಲ ಒಂದರ ಮೇಲೊಂದು ಬಿದ್ದ ನೆರಳು. ಪಕ್ಕೆಲುಬಿನ ನೆರಳು, ಹೃದಯದ ನೆರಳು, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯ ನೆರಳು. ಹೃದಯದ ಹಿಂದೆ, ಕೊರಳೆಲುಬಿನ ಹಿಂದೆ, ವಪೆ ಕೆಳಗಿಳಿಯುವ ಮೂಲೆಯಲ್ಲಿ ಕೂತ ಗಡ್ಡೆ ಆ ನೆರಳುಗಳಲ್ಲಿ ಅಡಗಿಕೊಳ್ಳುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಇದ್ದು, ತೊಂದರೆಯೂ ಕಾಣಿಸಿಕೊಂಡವರನ್ನೇ ತೆಗೆದುಕೊಂಡರೂ, ಅಂಥ ಐವರಲ್ಲಿ ಹತ್ತಿರ ಹತ್ತಿರ ಒಬ್ಬರ ಎಕ್ಸ್‌ರೇ ಅದನ್ನು ತೋರಿಸುವುದಿಲ್ಲ. ಒಂದು ಸೆಂಟಿಮೀಟರಿಗಿಂತ ಸಣ್ಣ ಗಂಟಂತೂ ಸಲೀಸಾಗಿ ತಪ್ಪಿಹೋಗುತ್ತದೆ. ಮೇಲ್ತುದಿಯ ಅನುಮಾನವಿದ್ದರೆ ರೋಗಿಯನ್ನು ಹಿಂದಕ್ಕೆ ಬಾಗಿಸಿ ತೆಗೆಯುವ ಲಾರ್ಡೋಟಿಕ್ ಫಿಲ್ಮು ಒಂದಿದೆ, ಅದು ಕೊರಳೆಲುಬನ್ನು ಮೇಲಕ್ಕೆ ಸರಿಸುತ್ತದೆ. ದೊಡ್ಡಪ್ಪನಿಗೆ ಅದನ್ನು ಬರೆದುಕೊಟ್ಟವರಿಲ್ಲ. ಭುಜದ ನೋವಿನ ಮಾತನ್ನು ಚೀಟಿಯಲ್ಲಿ ಬರೆಯಬೇಕೆಂದು ನನಗೂ ಹೊಳೆಯಲಿಲ್ಲ.

ಸಿಟಿ ನೆರಳುಗಳನ್ನು ಬಿಡಿಸಿ ತೋರಿಸುತ್ತದೆ. ಎದೆಯನ್ನು ಬ್ರೆಡ್ಡಿನಂತೆ ತೆಳುವಾಗಿ ಹೋಳು ಮಾಡಿ, ಒಂದೊಂದು ಹೋಳನ್ನೂ ಬೇರೆಯಾಗಿ ನೋಡಿದ ಹಾಗೆ. ಮೂರ್ನಾಲ್ಕು ಮಿಲಿಮೀಟರಿನ ಗಂಟೂ ಸಿಗುತ್ತದೆ. ಎದೆಯೊಳಗಿನ ದುಗ್ಧ ಗ್ರಂಥಿಗಳು ಊದಿವೆಯಾ ಎಂದು ತಿಳಿಯಲು ಕಾಂಟ್ರಾಸ್ಟ್ ಇಂಜೆಕ್ಷನ್, ಅಂದರೆ ಚಿತ್ರ ಎದ್ದು ಕಾಣಿಸುವ ಔಷಧ, ಕೊಡಬೇಕಾಗಬಹುದು. ಅದಕ್ಕೆ ಮೊದಲು ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಹಿಂದೆ ಆಗಿರುವ ಅಲರ್ಜಿ ಇದ್ದರೆ ಮುಚ್ಚಿಡದೆ ಹೇಳಿ. ಇಂಜೆಕ್ಷನ್ ಹೋಗುವಾಗ ಮೈಯೆಲ್ಲ ಬಿಸಿಯೇರಿ ಮೂತ್ರವೇ ಹೋದಂತೆ ಅನ್ನಿಸುತ್ತದೆ. ಬಹಳ ಜನ ಗಾಬರಿಯಾಗುತ್ತಾರೆ, ಅದು ಅರ್ಧ ನಿಮಿಷದಲ್ಲಿ ಇಳಿಯುತ್ತದೆ. ವಿಕಿರಣ ಸುಮಾರು 6-7 ಮಿಲಿಸೀವರ್ಟ್, ಖರ್ಚು ಕೆಲವು ಸಾವಿರ.

ನನ್ನ ಅಭಿಪ್ರಾಯ ಇಷ್ಟು. ಎಕ್ಸ್‌ರೇಯಲ್ಲಿ ಏನಾದರೂ ಕಂಡರೆ ಡಾಕ್ಟರೇ ಸಿಟಿ ಬರೆಯುತ್ತಾರೆ, ಅಲ್ಲಿ ಗೊಂದಲವಿಲ್ಲ. ಏನೂ ಕಾಣದೆ, ತೊಂದರೆಯೂ ಹೋಗದಿದ್ದರೆ ಅಲ್ಲಿಗೇ ನಿಲ್ಲಬೇಡಿ. "ಸಾರ್, ಎಕ್ಸ್‌ರೇ ಚೆನ್ನಾಗಿದೆ ಅಂದ್ರಿ, ಆದ್ರೆ ಕೆಮ್ಮು ಇನ್ನೂ ಹೋಗಿಲ್ಲ. ಸಿಟಿ ಬೇಕಾಗುತ್ತಾ?" ಎಂದು ಕೇಳಿ. ಕಫದಲ್ಲಿ ರಕ್ತ ಬಂದಿದ್ದು, ವಯಸ್ಸು 40 ದಾಟಿದ್ದು, ಸೇದುವ ಅಭ್ಯಾಸವೂ ಇದ್ದರಂತೂ ಎಕ್ಸ್‌ರೇ ನಾರ್ಮಲ್ ಎಂದ ಮಾತ್ರಕ್ಕೆ ಮನೆಗೆ ಹೋಗಬೇಡಿ. ನ್ಯುಮೋನಿಯಾ ಎಂದು ಔಷಧ ಕೊಟ್ಟಿದ್ದರೆ ಆರು ವಾರದ ಹೊತ್ತಿಗೆ ಮತ್ತೊಂದು ಫಿಲ್ಮು ತೆಗೆಸಿ, ಬಿಳಿ ಮಚ್ಚೆ ಪೂರ್ತಿ ಹೋಗಿದೆಯಾ ನೋಡಿಸಿ. ಜ್ವರ ಇಳಿದ ಮೇಲೆ ಈ ಎರಡನೇ ಫಿಲ್ಮಿಗೆ ಬರುವವರು ಬಹಳ ಕಡಿಮೆ.

ಟಿಬಿಯೋ, ಕ್ಯಾನ್ಸರೋ

ನಮ್ಮ ದೇಶದಲ್ಲಿ ಸಮಯ ಕಳೆದುಹೋಗುವುದು ಹೆಚ್ಚಾಗಿ ಇಲ್ಲೇ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು, ಸಂಜೆ ಸುಸ್ತು, ಎಕ್ಸ್‌ರೇಯಲ್ಲಿ ಮೇಲ್ಭಾಗದಲ್ಲಿ ಮಚ್ಚೆ: ಈ ಚಿತ್ರ ಎರಡಕ್ಕೂ ಹೊಂದುತ್ತದೆ. ಭಾರತದಲ್ಲಿ ಟಿಬಿ ಹೆಚ್ಚು, ಆದ್ದರಿಂದ ಡಾಕ್ಟರು ಮೊದಲು ಅದನ್ನು ಯೋಚಿಸುವುದರಲ್ಲಿ ತಪ್ಪೂ ಇಲ್ಲ. ತಪ್ಪಾಗುವುದು ಕಫ ಪರೀಕ್ಷೆಯಲ್ಲಿ ಸಾಕ್ಷಿ ಸಿಗದೆಯೇ ಆರು ತಿಂಗಳ ಮಾತ್ರೆ ಶುರುಮಾಡಿ, ಗುಣ ಕಾಣದಿದ್ದರೂ ಕೋರ್ಸು ಮುಗಿಯಲಿ ಎಂದು ಕಾಯುವಾಗ.

ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆ ಉಚಿತ. ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕಿಂತ ಟಿಬಿ ರೋಗಾಣುವಿನ ಜೀನನ್ನೇ ಹುಡುಕುವ ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರದ ಪರೀಕ್ಷೆ ಮೇಲು, ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುತ್ತದೆ, ಮುಖ್ಯವಾದ ಔಷಧವೊಂದಕ್ಕೆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. ಟಿಬಿ ಎಂದು ಖಚಿತವಾದರೆ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಕಫದಲ್ಲಿ ರೋಗಾಣು ಸಿಗದೆ, "ಇರಬಹುದು" ಎಂದು ಔಷಧ ಶುರುಮಾಡಿದ್ದರೆ ಒಂದೆರಡು ತಿಂಗಳಲ್ಲಿ ತೂಕ ಹೆಚ್ಚಬೇಕು, ಕೆಮ್ಮು ತಗ್ಗಬೇಕು, ಮಚ್ಚೆ ಕುಗ್ಗಬೇಕು. ಕುಗ್ಗದಿದ್ದರೆ ಸಿಟಿ ಮಾಡಿಸಿ, ಚೂರು ತೆಗೆದು ಪರೀಕ್ಷಿಸಬೇಕಾ ಎಂದು ಕೇಳುವ ಹೊತ್ತು ಅದೇ. ಎರಡೂ ಕಾಯಿಲೆ ಒಬ್ಬರಲ್ಲೇ ಇರಬಹುದು. ಹಿಂದೆ ಟಿಬಿ ವಾಸಿಯಾಗಿದ್ದ ಗಾಯದ ಪಕ್ಕದಲ್ಲೇ ಗಡ್ಡೆ ಹುಟ್ಟಬಹುದು. "ಅದು ಹಳೇ ಟಿಬಿ ಕಲೆ" ಎಂಬ ಮಾತನ್ನು ಹಳೆಯ ಫಿಲ್ಮಿನ ಜೊತೆ ಹೋಲಿಸಿದ ಮೇಲಷ್ಟೇ ಒಪ್ಪಬೇಕು.

ಕಫದಲ್ಲಿ ಕ್ಯಾನ್ಸರ್ ಕೋಶ ಹುಡುಕುವ ಪರೀಕ್ಷೆಯೂ ಒಂದಿದೆ. ದೊಡ್ಡ ಶ್ವಾಸನಾಳದಲ್ಲಿರುವ ಗಡ್ಡೆಯಾದರೆ ಸಿಗಬಹುದು, ಅಂಚಿನದಾದರೆ ಸಿಗುವುದು ಅಪರೂಪ. ಸಿಕ್ಕರೆ ಉಪಯೋಗ, ಸಿಗದಿದ್ದರೆ ಅದನ್ನು ನಂಬಿ ಕೂರುವಂತಿಲ್ಲ.

ತೊಂದರೆ ಇಲ್ಲದಿದ್ದರೆ: ಲೋ ಡೋಸ್ ಸಿಟಿ ಯಾರಿಗೆ

ಈಗ ಎರಡನೆಯ ಸಾಲಿನವರು. ಚೆನ್ನಾಗಿಯೇ ಇದ್ದಾರೆ, ಆದರೆ ಇಪ್ಪತ್ತೈದು ಮೂವತ್ತು ವರ್ಷ ಸೇದಿದ್ದಾರೆ. ಇವರಿಗೆ ವರ್ಷಕ್ಕೊಂದು ಎಕ್ಸ್‌ರೇ ತೆಗೆಸಿದರೆ ಸಾಕಲ್ಲವೇ? ಸಾಲದು. ಅಮೆರಿಕದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿ ಇದನ್ನು ಪರೀಕ್ಷಿಸಿದರು. ವರ್ಷ ವರ್ಷ ಎಕ್ಸ್‌ರೇ ತೆಗೆಸಿಕೊಂಡ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಾಗುವ ಸಾವು ಕಡಿಮೆಯಾಗಲಿಲ್ಲ ಎಂದು 2011ರಲ್ಲಿ ತಿಳಿಯಿತು.

ಅದೇ ವರ್ಷ ಇನ್ನೊಂದು ದೊಡ್ಡ ಅಧ್ಯಯನದ ಫಲಿತಾಂಶವೂ ಬಂತು. 55ರಿಂದ 74 ವರ್ಷದ, ಬಹಳ ಸೇದಿದ್ದ 53,454 ಜನ. ಅರ್ಧ ಜನಕ್ಕೆ ಮೂರು ವರ್ಷ ಎಕ್ಸ್‌ರೇ, ಇನ್ನರ್ಧಕ್ಕೆ ಮೂರು ವರ್ಷ ಕಡಿಮೆ ವಿಕಿರಣದ ಸಿಟಿ, ಅಂದರೆ ಲೋ ಡೋಸ್ ಸಿಟಿ. ಸಿಟಿ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು 20% ಕಡಿಮೆ. 2020ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಅಧ್ಯಯನ ಗಂಡಸರಲ್ಲಿ ಹತ್ತು ವರ್ಷಕ್ಕೆ 24% ಕಡಿಮೆ ಎಂದು ತೋರಿಸಿತು. ಕಾರಣ ಸರಳ: ಗಡ್ಡೆ ಸಣ್ಣದಿದ್ದು ಒಂದೇ ಕಡೆ ಇದ್ದಾಗ ಅದನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಬಹುದು. ಅಮೆರಿಕದ ದಾಖಲೆಗಳಲ್ಲಿ, ಶ್ವಾಸಕೋಶದಲ್ಲೇ ಉಳಿದಿರುವಾಗ ಸಿಕ್ಕವರಲ್ಲಿ 60%ಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ದೂರಕ್ಕೆ ಹರಡಿದ ಮೇಲೆ ಸಿಕ್ಕವರಲ್ಲಿ 10% ಕೂಡ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಸಿಗುವುದು ಈ ಎರಡನೆಯ ಗುಂಪಿನಲ್ಲಿ.

ಲೋ ಡೋಸ್ ಸಿಟಿಯಲ್ಲಿ ಇಂಜೆಕ್ಷನ್ ಇಲ್ಲ, ಉಪವಾಸ ಇಲ್ಲ. ಮಲಗಿ, ಕೈ ತಲೆಯ ಮೇಲೆ, ಒಂದು ಸಲ ಉಸಿರು ಹಿಡಿದರೆ ಮುಗಿಯಿತು. ವಿಕಿರಣ ಸುಮಾರು 1.5 ಮಿಲಿಸೀವರ್ಟ್, ಮಾಮೂಲಿ ಸಿಟಿಯ ಕಾಲುಭಾಗದ ಆಸುಪಾಸು. ಬುಕ್ ಮಾಡುವಾಗ "ಲೋ ಡೋಸ್ ಪ್ರೋಟೊಕಾಲ್ ಇದೆಯಾ?" ಎಂದು ಬಾಯಿಬಿಟ್ಟು ಕೇಳಿ. ಯಂತ್ರ ಅದೇ ಆದರೂ ಸೆಟ್ಟಿಂಗ್ ಬೇರೆ. ಕೇಳದಿದ್ದರೆ ಮಾಮೂಲಿ ಸಿಟಿಯೇ ಆಗಿಬಿಡಬಹುದು.

ಯಾರು ಮಾಡಿಸಬೇಕು ಎಂಬುದರಲ್ಲಿ ದೇಶ ದೇಶಕ್ಕೆ ವ್ಯತ್ಯಾಸವಿದೆ. ಅಮೆರಿಕದ ತಜ್ಞರ ಸಮಿತಿ 2021ರಿಂದ ಹೇಳುತ್ತಿರುವುದು: 50ರಿಂದ 80 ವರ್ಷ, 20 ಪ್ಯಾಕ್-ವರ್ಷ, ಈಗಲೂ ಸೇದುತ್ತಿರಬೇಕು ಅಥವಾ ಬಿಟ್ಟು 15 ವರ್ಷದೊಳಗಿರಬೇಕು. ಪ್ಯಾಕ್-ವರ್ಷ ಎಂದರೆ ದಿನಕ್ಕೆ 20 ಸಿಗರೇಟಿನಂತೆ ಒಂದು ವರ್ಷ. ದಿನಕ್ಕೆ ಹತ್ತು ಸೇದಿದವರಿಗೆ 20 ಪ್ಯಾಕ್-ವರ್ಷ ಆಗಲು ನಲವತ್ತು ವರ್ಷ ಬೇಕು. ದಕ್ಷಿಣ ಕೊರಿಯಾ 2019ರಲ್ಲಿ 54ರಿಂದ 74 ವರ್ಷದ, 30 ಪ್ಯಾಕ್-ವರ್ಷ ಸೇದಿದವರಿಗೆ ರಾಷ್ಟ್ರೀಯ ಯೋಜನೆ ತಂದಿತು. ತೈವಾನ್ 2022ರಲ್ಲಿ ಶುರುಮಾಡಿದಾಗ ಮನೆಯಲ್ಲಿ ಹತ್ತಿರದವರಿಗೆ ಈ ಕ್ಯಾನ್ಸರ್ ಆಗಿದ್ದರೆ ಸೇದದವರನ್ನೂ ಸೇರಿಸಿತು. ನಮ್ಮಲ್ಲೂ ಸೇದದ ರೋಗಿಗಳು ಇಷ್ಟೊಂದು ಇರುವಾಗ ಆ ದಾರಿ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಭಾರತದ ಸರ್ಕಾರಿ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗೆ ಮಾತ್ರ. ಶ್ವಾಸಕೋಶಕ್ಕೆ ರಾಷ್ಟ್ರೀಯ ಯೋಜನೆ ಇಲ್ಲ, ನಾವೇ ಕೇಳಿ ಮಾಡಿಸಿಕೊಳ್ಳಬೇಕು.

ಬೀಡಿ ಸೇದುವವರು ಲೆಕ್ಕ ಹೇಳುವಾಗ ಸಂಕೋಚ ಬೇಡ. "ದಿನಕ್ಕೆ ಒಂದು ಕಟ್ಟು, ಹದಿನೆಂಟನೇ ವಯಸ್ಸಿಂದ" ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಬೀಡಿ ಸಣ್ಣದು ಎಂದು ಅರ್ಧ ಲೆಕ್ಕ ಹಾಕಿಕೊಳ್ಳಬೇಡಿ. ಆರಿಹೋಗದಂತೆ ಮೇಲಿಂದ ಮೇಲೆ, ಜೋರಾಗಿ ಎಳೆಯಬೇಕಾದ್ದರಿಂದ ಒಂದು ಬೀಡಿಯಿಂದ ಒಳಹೋಗುವ ಟಾರು ಸಿಗರೇಟಿಗಿಂತ ಕಡಿಮೆಯೇನಲ್ಲ.

ಇದರ ಕಷ್ಟದ ಮುಖವನ್ನೂ ಹೇಳಲೇಬೇಕು. ಆ 53 ಸಾವಿರ ಜನರ ಅಧ್ಯಯನದಲ್ಲಿ ಸಿಟಿ ಮಾಡಿಸಿಕೊಂಡವರಲ್ಲಿ ಸುಮಾರು 39% ಜನರಿಗೆ ಮೂರು ಸುತ್ತಿನಲ್ಲಿ ಒಮ್ಮೆಯಾದರೂ "ಏನೋ ಇದೆ" ಎಂಬ ವರದಿ ಬಂತು. ಹಾಗೆ ಬಂದ ವರದಿಗಳಲ್ಲಿ ನೂರಕ್ಕೆ 96 ಕ್ಯಾನ್ಸರ್ ಆಗಿರಲಿಲ್ಲ. ಒಂದು ಸಾವು ತಪ್ಪಿಸಲು 320 ಜನರಿಗೆ ಸ್ಕ್ಯಾನ್ ಮಾಡಬೇಕಾಯಿತು. ಹಳೆಯ ಟಿಬಿಯ ಗಂಟುಗಳು ಇರುವ ನಮ್ಮ ಎದೆಗಳಲ್ಲಿ ಇಂಥ ಸುಳ್ಳು ಗಾಬರಿ ಇನ್ನೂ ಹೆಚ್ಚಿರುವ ಸಾಧ್ಯತೆಯಿದೆ. ಹಾಗಾಗಿ 35 ವರ್ಷದ, ಎಂದೂ ಸೇದದ, ಯಾವ ತೊಂದರೆಯೂ ಇಲ್ಲದ ಹುಡುಗ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಸೇರಿದೆ ಎಂದು ಸಿಟಿಗೆ ಬಂದರೆ ನನಗೆ ಬೇಸರವಾಗುತ್ತದೆ. ಅವನಿಗೆ ಲಾಭಕ್ಕಿಂತ ನಿದ್ದೆಗೇಡೇ ಹೆಚ್ಚು. ಐವತ್ತೈದು ವರ್ಷದ, ಮೂವತ್ತು ವರ್ಷ ಸೇದಿದ, ಆಪರೇಷನ್ ತಡೆದುಕೊಳ್ಳುವಷ್ಟು ಗಟ್ಟಿಯಿರುವ ಮನುಷ್ಯನಿಗೆ ಮಾತ್ರ ನಾನು ಎರಡು ಸಲ ಯೋಚಿಸದೆ ಮಾಡಿಸಿ ಎನ್ನುತ್ತೇನೆ.

ರಕ್ತ ಪರೀಕ್ಷೆಯ ಪ್ಯಾಕೇಜುಗಳ ಬಗ್ಗೆ ಒಂದೇ ಮಾತು. ಸಿಇಎ ಮುಂತಾದ "ಕ್ಯಾನ್ಸರ್ ಮಾರ್ಕರ್" ಪರೀಕ್ಷೆಗಳು ಶ್ವಾಸಕೋಶದ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚಲು ಆಗಿಬರುವುದಿಲ್ಲ. ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಿಇಎ ಏರಿರಬಹುದು, ಕ್ಯಾನ್ಸರ್ ಇದ್ದೂ ಏರದಿರಬಹುದು. ಆ ದುಡ್ಡು ಸಿಟಿಗೆ ಇಟ್ಟುಕೊಳ್ಳಿ.

ಗಂಟು ಕಂಡಿತು: ಕಾಯುವುದೋ, ಪೆಟ್ ಮಾಡಿಸುವುದೋ, ಸೂಜಿ ಹಾಕಿಸುವುದೋ

ವರದಿಯಲ್ಲಿ "ನಾಡ್ಯೂಲ್" ಎಂಬ ಪದ ಕಂಡ ಕೂಡಲೇ ಮನೆಯಲ್ಲಿ ಅಳು ಶುರುವಾಗುತ್ತದೆ. ಮೊದಲು ಅಳತೆ ನೋಡಿ. ಗಟ್ಟಿ ಗಂಟು 6 ಮಿಲಿಮೀಟರಿಗಿಂತ ಸಣ್ಣದಿದ್ದರೆ ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ಅಪಾಯ ಹೆಚ್ಚಿರುವವರಿಗೆ ಒಂದು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್, ಉಳಿದವರಿಗೆ ಹಲವು ಸಲ ಅದೂ ಬೇಡ. 6ರಿಂದ 8 ಆದರೆ ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ಮತ್ತೊಂದು ಸಿಟಿ. 8 ದಾಟಿದರೆ ಮೂರು ತಿಂಗಳಲ್ಲಿ ಸಿಟಿ, ಪೆಟ್-ಸಿಟಿ, ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು) ಇವುಗಳಲ್ಲಿ ಒಂದು. "ಕಾಯೋಣ" ಎಂದ ಡಾಕ್ಟರು ಸುಮ್ಮನೆ ಕೂತಿದ್ದಾರೆ ಎಂದುಕೊಳ್ಳಬೇಡಿ. ಗಂಟು ಬೆಳೆಯುತ್ತಿದೆಯಾ ಎಂಬುದೇ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಎರಡು ವರ್ಷ ಅಳತೆ ಬದಲಾಗದ ಗಟ್ಟಿ ಗಂಟು ಬಹುಮಟ್ಟಿಗೆ ನಿರುಪದ್ರವಿ.

ಅದಕ್ಕೇ ಹಳೆಯ ಫಿಲ್ಮು, ಸಿಡಿ ಎಸೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು. ಐದು ವರ್ಷದ ಹಿಂದೆ ಬೇರೆ ಯಾವುದಕ್ಕೋ ತೆಗೆಸಿದ ಸಿಟಿಯಲ್ಲಿ ಅದೇ ಗಂಟು ಅಷ್ಟೇ ಅಳತೆಯಲ್ಲಿ ಕಂಡು, ಆ ರೋಗಿ ಬಯಾಪ್ಸಿಯಿಲ್ಲದೆ ಮನೆಗೆ ಹೋದದ್ದನ್ನು ನೋಡಿದ್ದೇನೆ. ಮಡಚದೆ, ಒಲೆಯ ಹೊಗೆ ತಾಗದ ಕಡೆ, ಒಂದು ಚೀಲದಲ್ಲಿ ತಾರೀಖಿನ ಪ್ರಕಾರ ಇಡಿ.

ಪೆಟ್-ಸಿಟಿಯಲ್ಲಿ ವಿಕಿರಣ ಬೆರೆಸಿದ ಸಕ್ಕರೆಯಂಥ ವಸ್ತುವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಚುರುಕಾಗಿ ಸಕ್ಕರೆ ತಿನ್ನುವ ಜಾಗಗಳು ಹೊಳೆಯುತ್ತವೆ. ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಎಂದು ಹುಡುಕಲು ಇದು ಬಹಳ ಒಳ್ಳೆಯದು. ಆದರೆ ಟಿಬಿಯ ಗಂಟೂ ಅಷ್ಟೇ ಜೋರಾಗಿ ಹೊಳೆಯುತ್ತದೆ. ತೀರಾ ಸಣ್ಣ ಗಂಟು ಕ್ಯಾನ್ಸರ್ ಆಗಿದ್ದರೂ ಹೊಳೆಯದಿರಬಹುದು. ಹತ್ತು ಸಾವಿರ ದಾಟುವ ಖರ್ಚು ಬೇರೆ. ಪೆಟ್ ವರದಿಯೊಂದನ್ನೇ ಹಿಡಿದು ಕ್ಯಾನ್ಸರ್ ಎಂದೋ ಅಲ್ಲವೆಂದೋ ತೀರ್ಮಾನಿಸಿದರೆ ನಮ್ಮ ದೇಶದಲ್ಲಿ ಮೋಸ ಹೋಗುವ ಸಾಧ್ಯತೆ ಹೆಚ್ಚು. ಕೊನೆಯ ಮಾತು ಚೂರಿನದು, ಅಂದರೆ ಬಯಾಪ್ಸಿಯದು.

ಆ ಚೂರನ್ನು ತೆಗೆಯಲು ಎರಡು ಮುಖ್ಯ ದಾರಿಗಳು. ಗಡ್ಡೆ ಶ್ವಾಸನಾಳದ ಹತ್ತಿರವಿದ್ದರೆ ಬ್ರಾಂಕೋಸ್ಕೋಪಿ: ಮೂಗು ಅಥವಾ ಬಾಯಿಂದ ತೆಳುವಾದ ಕ್ಯಾಮೆರಾ ಕೊಳವೆ ಇಳಿಸುತ್ತಾರೆ, ಗಂಟಲು ಮರಗಟ್ಟಿಸಿ, ಮಂಪರು ಕೊಟ್ಟು. ಅದರ ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಈಬಸ್ ಎಂಬ ಬಗೆಯಲ್ಲಿ ನಾಳದ ಆಚೆಯ ಗ್ರಂಥಿಯಿಂದಲೂ ಚೂರು ತೆಗೆಯಬಹುದು. ಗಡ್ಡೆ ಅಂಚಿನಲ್ಲಿದ್ದರೆ ಸಿಟಿಯಲ್ಲಿ ನೋಡುತ್ತಾ ಎದೆಯ ಹೊರಗಿನಿಂದ ಸೂಜಿ. ಈ ಎರಡನೆಯದರಲ್ಲಿ ಐದಕ್ಕೊಬ್ಬರಿಗಿಂತ ತುಸು ಹೆಚ್ಚು ಜನರಿಗೆ ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ತಾನೇ ಹೋಗುತ್ತದೆ, ಕೆಲವರಿಗೆ ಕೊಳವೆ ಹಾಕಬೇಕು. ಅದಕ್ಕಾಗಿಯೇ ಸೂಜಿಯಾದ ಮೇಲೆ ಕೆಲವು ಗಂಟೆ ಮಲಗಿಸಿ ಎಕ್ಸ್‌ರೇ ತೆಗೆಯುತ್ತೇವೆ. ಆಗ ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋಗಬೇಡಿ.

"ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ" ಎಂಬ ಮಾತಿಗೆ ಹೆದರಿ ಬಯಾಪ್ಸಿ ಟೇಬಲಿನ ತನಕ ಬಂದು ವಾಪಸ್ಸಾದವರಿದ್ದಾರೆ. ಸೂಜಿಯ ದಾರಿಯಲ್ಲಿ ಹರಡುವುದು ಅತಿ ಅಪರೂಪ. ವಾಪಸ್ಸಾಗಿ ಮನೆಯಲ್ಲಿ ಕಳೆಯುವ ತಿಂಗಳುಗಳಲ್ಲಿ ಹರಡುವುದು ಅಪರೂಪವಲ್ಲ. ಇನ್ನೊಂದು ಮಾತು ಕೇಳಿ ಖಚಿತಪಡಿಸಿಕೊಳ್ಳಿ: ಚೂರು ಇಜಿಎಫ್‌ಆರ್, ಎಎಲ್‌ಕೆ ಮುಂತಾದ ಜೀನ್ ಪರೀಕ್ಷೆಗೆ ಸಾಕಾಗುವಷ್ಟಿದೆಯಾ? ಶ್ವಾಸಕೋಶದ ಕ್ಯಾನ್ಸರಿನ ಒಂದು ಸಾಮಾನ್ಯ ಬಗೆಯಾದ ಅಡಿನೋಕಾರ್ಸಿನೋಮಾ ಇರುವ ಭಾರತದ ರೋಗಿಗಳಲ್ಲಿ ಸುಮಾರು ಕಾಲುಭಾಗದವರಲ್ಲಿ ಇಜಿಎಫ್‌ಆರ್ ಬದಲಾವಣೆ ಇರುತ್ತದೆ, ಸೇದದ ಹೆಂಗಸರಲ್ಲಿ ಇನ್ನೂ ಹೆಚ್ಚು. ಅಂಥವರಿಗೆ, ಕಾಯಿಲೆ ಹರಡಿದ್ದರೂ, ದಿನಕ್ಕೊಂದು ಮಾತ್ರೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹತೋಟಿ ಸಿಗುತ್ತದೆ.

ಎಲ್ಲಿಗೆ ಹೋಗುವುದು

ಕಫ ಪರೀಕ್ಷೆ, ಎಕ್ಸ್‌ರೇ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತವೆ, ಅದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಬೇಡಿ. ಸಿಟಿ ಜಿಲ್ಲಾ ಕೇಂದ್ರದಲ್ಲಿ ಸಿಗುತ್ತದೆ. ಬಯಾಪ್ಸಿಯ ಹಂತಕ್ಕೆ ಬಂದ ಮೇಲೆ ಮಾತ್ರ ಶ್ವಾಸಕೋಶ ತಜ್ಞರು, ಪೆಥಾಲಜಿ, ಶಸ್ತ್ರಚಿಕಿತ್ಸೆ, ರೇಡಿಯೋಥೆರಪಿ ಒಂದೇ ಕಡೆ ಇರುವ ಜಾಗ ಒಳ್ಳೆಯದು. ಒಂದು ಕಡೆ ಸೂಜಿ, ಇನ್ನೊಂದು ಕಡೆ ವರದಿ, ಮತ್ತೊಂದು ಕಡೆ ಆಪರೇಷನ್ ಎಂದು ಅಲೆದರೆ ವಾರಗಳು ಹೋಗುತ್ತವೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಅಲ್ಲೇ ಸಮೀಪದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಸರ್ಕಾರಿ ವ್ಯವಸ್ಥೆಯಲ್ಲಿವೆ. ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಹತ್ತಿರ, ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರವಿದೆ. ಖಾಸಗಿಯಲ್ಲಿ ಸರದಿ ಬೇಗ ಬರುತ್ತದೆ, ಖರ್ಚು ಹೆಚ್ಚು. ನನ್ನನ್ನು ಕೇಳಿದರೆ, ಕೈಯಲ್ಲಿ ದುಡ್ಡು ಬಿಗಿಯಿದ್ದಾಗ ಸಿಟಿಯನ್ನು ಬೇಗ ಸಿಗುವ ಕಡೆ ಮಾಡಿಸಿ, ಚಿಕಿತ್ಸೆಗೆ ಸರ್ಕಾರಿ ಸಂಸ್ಥೆಗೆ ಹೋಗುವುದು ಜಾಣತನ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30%, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಬರೆಸಿಕೊಳ್ಳಿ. ಸ್ಕ್ಯಾನಿನ ಖರ್ಚು ಇದರಲ್ಲಿ ಸೇರುತ್ತದೋ ಇಲ್ಲವೋ ಎಂಬುದನ್ನು ಆಸ್ಪತ್ರೆಯಲ್ಲಿ ಕೂರುವ ಆರೋಗ್ಯ ಮಿತ್ರರನ್ನು ಹಣ ಕಟ್ಟುವ ಮುಂಚೆಯೇ ಕೇಳಿ.

ಸ್ಕ್ಯಾನ್ ಮಾಡಿಸುತ್ತಿದ್ದೇನಲ್ಲ, ಇನ್ನು ಸೇದಿದರೇನು ಎಂಬ ಧೈರ್ಯ ಕೆಲವರಿಗೆ ಬರುತ್ತದೆ. ಸ್ಕ್ಯಾನು ಕ್ಯಾನ್ಸರನ್ನು ತಡೆಯುವುದಿಲ್ಲ, ಬಂದದ್ದನ್ನು ತೋರಿಸುತ್ತದೆ ಅಷ್ಟೆ. ಬಿಡಲು ಆಗುತ್ತಿಲ್ಲ ಎನ್ನುವವರಿಗೆ 1800-11-2356 ಎಂಬ ಉಚಿತ ಸಂಖ್ಯೆ ಇದೆ. ಕನ್ನಡದಲ್ಲೇ ಮಾತಾಡಬಹುದು, ಮತ್ತೆ ಅವರೇ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಾರೆ.

ದೊಡ್ಡಪ್ಪ ರೇಡಿಯೋಥೆರಪಿ ಮಾಡಿಸಿಕೊಂಡು ಹದಿನಾಲ್ಕು ತಿಂಗಳು ಇದ್ದರು. ಕೊನೆಯ ದೀಪಾವಳಿಗೆ ಎಡಗೈಯಲ್ಲೇ ಗೋವಿಗೆ ಹಾರ ಹಾಕಿದರು. ಅವರ ಮಗ, ನನಗೆ ಅಣ್ಣ, ಈಗ 54 ವರ್ಷ, ಕಾಲೇಜಿನಿಂದಲೂ ದಿನಕ್ಕೊಂದು ಪ್ಯಾಕ್. ಹೋದ ವರ್ಷ ನಾನೇ ಕರೆದುಕೊಂಡು ಬಂದು ಲೋ ಡೋಸ್ ಸಿಟಿ ಮಾಡಿದೆ. "ಉಸಿರು ಎಳ್ಕಳಿ, ಹಿಡ್ಕಳಿ" ಎಂದು ಮೈಕಿನಲ್ಲಿ ಹೇಳುವಾಗ ನನ್ನದೇ ಉಸಿರು ಹಿಡಿದಿತ್ತು. ಎಡ ಕೆಳಭಾಗದಲ್ಲಿ 4 ಮಿಲಿಮೀಟರಿನ ಗಂಟು, ಒಂದು ವರ್ಷಕ್ಕೆ ಮತ್ತೆ ನೋಡಿ ಎಂದು ವರದಿ. ಅಣ್ಣ ಸಿಗರೇಟು ಬಿಟ್ಟು ಏಳು ತಿಂಗಳಾಯಿತು. ಮುಂದಿನ ಸ್ಕ್ಯಾನು ಜನವರಿಯಲ್ಲಿ. ಬರುವಾಗ ಹಳೆಯ ಸಿಡಿ ಮರೆಯದೆ ಚೀಲಕ್ಕೆ ಹಾಕಲು ಅತ್ತಿಗೆಗೆ ಹೇಳಿಟ್ಟಿದ್ದೇನೆ.